ಬಲಗಿವಿಯ ಹಕ್ಕಿ

ಮೂವತ್ತೊಂದು ವರ್ಷ ಈ ಕಿಟಕಿಯ ಒಳಗೆ ಕೂತು
ಟಿಕೇಟು ಹರಿದೆ.
ಎಲ್ಲಿಗೆ? ಅಂತ ಕೇಳುವುದು ಕೆಲಸ.
ಚೈತೆನ್, ಅನ್ನುತ್ತಿದ್ದರು. ಕೊಯ್ಹೈಕೆ. ಅದರಾಚೆ,
ರಸ್ತೆ ಮುಗಿಯುವ ತನಕ.
ಚಿಲ್ಲರೆ ಎಣಿಸಿ ಕೊಡುತ್ತಿದ್ದೆ. ರಸ್ತೆ
ಹೇಗೆ ಮುಗಿಯುತ್ತದೆ, ಗೋಡೆಯೋ ನೀರೋ,
ಅದನ್ನು ಕೇಳುವುದು ಕೆಲಸವಾಗಿರಲಿಲ್ಲ.

ಇವತ್ತು ಕಿಟಕಿಯೊಳಗೆ ಗಮಾಲಿಯೆಲ್,
ನಾನೇ ತಿದ್ದಿದ ಹುಡುಗ.
ಹೆಸರು ಹೇಳಿ, ಅಂದ.
ಗೊತ್ತಿಲ್ಲವೇನೋ?
ನಿಯಮ, ಅಂದ. ಅದನ್ನು ಕಲಿಸಿದವಳೂ ನಾನೇ.
ಒತಿಲಿಯಾ ಮನ್ಸಿಯಾ. ಒಬ್ಬಳೇ. ಒಂದು ಬೈಕು,
ನೂರೈವತ್ತು ಸಿಸಿ, ಅಕ್ಕನ ಮಗನಿಂದ ಕೊಂಡದ್ದು,
ಅರ್ಧ ದುಡ್ಡು ಬಾಕಿ.
ಎಲ್ಲಿಗೆ?
ನಾಲಗೆಯ ಮೇಲೆ ಸಾವಿರ ಸಲ ಉರುಳಿದ ಊರುಗಳಲ್ಲಿ
ಒಂದೂ ಬಾಯಿಗೆ ಬರಲಿಲ್ಲ.
ದಕ್ಷಿಣ ಅಂತ ಬರಕೋ, ಅಂದೆ.

ಹಡಗು ಕೂಗಿತು.
ಎಡಗಿವಿಗೆ ಕೇಳಲಿಲ್ಲ. ಆ ಕಿವಿಯನ್ನು ಇದೇ ಕೂಗು
ದಿನಕ್ಕೆ ನಾಲ್ಕು ಸಲ, ಇಲಿ ರೊಟ್ಟಿ ಕಡಿದ ಹಾಗೆ
ತಿಂದು ಮುಗಿಸಿ ಬಹಳ ಕಾಲವಾಯಿತು.

ಆಚೆ ದಡದಲ್ಲಿ ಇಳಿದದ್ದೇ ಕಾಡು.
ಪೀಠಿಕೆಯಿಲ್ಲ. ಗರಸು ರಸ್ತೆಯ ಎರಡೂ ಬದಿ
ನಾಲ್ಕಾ ಎಲೆಗಳು, ಒಂದೊಂದೂ ಒಂದೊಂದು ಕೊಡೆ,
ಹಿಡಿಯುವವರಿಲ್ಲದೆ ನೆನೆಯುತ್ತ ನಿಂತ ಕೊಡೆಗಳು.
ಬಲಕ್ಕೆ ಮರಗಳ ಸಂದಿಯಲ್ಲಿ ಕಡಲು
ಕಂಡೂ ಕಾಣದ ಹಾಗೆ, ಸಾಲ ಕೊಟ್ಟವನು
ಬೀದಿಯ ಆಚೆ ಬದಿಯಲ್ಲೇ ನಡೆದು ಬಂದ ಹಾಗೆ.

ಐವತ್ತೆಂಟನೆಯ ವಯಸ್ಸಿಗೆ ಮೊದಲ ಸಲ ಬಿದ್ದೆ.
ಜೋರಾಗಿ ಏನಲ್ಲ. ಒಂದು ತಿರುವು, ಸಡಿಲ ಕಲ್ಲು,
ಬೈಕು ಸುಸ್ತಾದ ಎತ್ತಿನಂತೆ ಮಗ್ಗುಲಾಯಿತು.
ಎತ್ತಿದೆ. ಯಾರೂ ನೋಡಲಿಲ್ಲ.
ಯಾರೂ ನೋಡಲಿಲ್ಲವಲ್ಲ ಎಂದು ತುಸು ಬೇಜಾರೂ ಆಯಿತು.

ಮಳೆ ಜಡಿದಾಗ ಒಂದು ಅಲೆರ್ಸೆ ಮರದ ಪೊಟರೆ ಹೊಕ್ಕೆ.
ಇದರ ಜಾತಿಯನ್ನೇ ನಮ್ಮಜ್ಜ ಸೀಳಿ
ಹಂಚಿನಷ್ಟಗಲದ ಹಲಗೆ ಮಾಡಿ ಮಾರಿದ್ದು,
ಆ ದುಡ್ಡಲ್ಲೇ ನಮ್ಮವ್ವನಿಗೆ ಚಪ್ಪಲಿ ಬಂದದ್ದು.
ಕ್ಷಮಿಸು ಅನ್ನಬೇಕೋ ಏನೋ.
ಅನ್ನಲಿಲ್ಲ. ಒಳಗೆ ಬೆಚ್ಚಗಿತ್ತು.
ಕೈಗವಸು ಹಿಂಡಿಕೊಂಡು ಅರ್ಧ ರೊಟ್ಟಿ ತಿಂದೆ.

ಮುಂದೆ ಗುಡ್ಡ ಒಡೆಯುತ್ತಿದ್ದರು.
ನಿಲ್ಲು ಎಂದು ಬರೆದ ಹಲಗೆ ಹಿಡಿದು ಒಬ್ಬ ಹೆಂಗಸು,
ಹಳದಿ ಕೋಟು, ಹೆಸರು ಎದೆಲ್ಮೀರಾ.
ಇನ್ನೂ ಅರ್ಧ ಗಂಟೆ, ಅಂದಳು,
ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ
ಮಾತೆ ಬುರುಡೆ ನನ್ನ ಕೈಗಿಟ್ಟಳು.
ಒಂದೇ ಕೊಳವೆ, ಒಮ್ಮೆ ಅವಳು, ಒಮ್ಮೆ ನಾನು.
ಎಷ್ಟು ವರ್ಷದಿಂದ ನಿಂತಿದ್ದೀ? ಅಂದೆ.
ಒಂಬತ್ತು. ಎಲ್ಲರೂ ಹೋಗುತ್ತಾರೆ,
ಯಾರು ಬಂದರು ಅಂತ ಲೆಕ್ಕ ಇಡುವವರಿಲ್ಲ.
ನಾನು ಲೆಕ್ಕ ಇಟ್ಟವಳು. ಬಾಯಿ ಬಿಡಲಿಲ್ಲ.

ಆಗ ಚುಕಾವೊ ಹಕ್ಕಿ ಕೂಗಿತು.
ಇಲಿಯಂತೆ ನೆಲದಲ್ಲೇ ಓಡಾಡುವ ಹಕ್ಕಿ,
ಕೆಂಪು ಎದೆ, ನೆಟ್ಟಗೆ ನಿಂತ ಬಾಲ,
ಮುಷ್ಟಿಯಷ್ಟು ಮೈಯಲ್ಲಿ ಮನೆಯಷ್ಟು ದನಿ.
ಬಲಕ್ಕೆ ಕೂಗಿದರೆ ಹೊರಡು,
ಎಡಕ್ಕೆ ಕೂಗಿದರೆ ಮನೆಗೆ ಮರಳು,
ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು.

ಎಡಕ್ಕೆ, ಅಂದಳು ಎದೆಲ್ಮೀರಾ, ಮುಖ ಸಣ್ಣದಾಗಿ.
ಇವತ್ತು ಬೇಡ. ನಮ್ಮ ಡೇರೆಯಲ್ಲಿ ಜಾಗ ಇದೆ.
ನನಗೆ ಬಲಕ್ಕೇ ಕೇಳಿತು, ಅಂದೆ.
ಇಲ್ಲ, ಎಡಕ್ಕೆ, ಆ ಬಿದಿರಿನ ಮೆಳೆಯಲ್ಲಿ.
ಎಡಗಿವಿ ತೋರಿಸಿದೆ. ಹಡಗಿನ ಕಥೆ ಹೇಳಿದೆ.
ನನ್ನ ಪಾಲಿಗೆ ಕಣೇ, ಕಾಡಿನ ಎಲ್ಲ ಹಕ್ಕಿಯೂ
ಬಲಕ್ಕೇ ಕೂಗುವುದು.

ಅವಳು ನಗಲಿಲ್ಲ. ಬಹಳ ಹೊತ್ತು ನನ್ನ ಕಿವಿಯನ್ನೇ ನೋಡಿದಳು.
ಗುಡ್ಡದ ಕಡೆಯಿಂದ ಸೀಟಿ ಬಂತು.
ಹಲಗೆ ತಿರುಗಿಸಿದಳು.
ಎಲ್ಲಿಗೆ? ಅಂತ ಆಮೇಲೆ ಕೂಗಿ ಕೇಳಿದಳಂತೆ ಕಾಣುತ್ತದೆ,
ಕನ್ನಡಿಯಲ್ಲಿ ಬಾಯಿ ಆಡಿದ್ದು ಕಂಡಿತು.
ಕೈ ಎತ್ತಿದೆ.

ರಾತ್ರಿ ಚೈತೆನ್‌ನಲ್ಲಿ ಬಾಡಿಗೆ ಕೋಣೆ.
ಒಲೆಯ ಮೇಲೆ ಕಾಲುಚೀಲ ಹೊಗೆಯಾಡುತ್ತಿತ್ತು.
ಹೆಲ್ಮೆಟ್ಟು ಮೂಲೆಗಿಟ್ಟು, ದೀಪ ಆರಿಸಿ,
ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದೆ.
ಸತ್ತ ಕಿವಿಯಲ್ಲಿ
ಇಂಜಿನ್ನು ಇನ್ನೂ ಓಡುತ್ತಿತ್ತು.